ಶಿಶುಪಾಲನೆಯ ಶಾಸ್ತ್ರವೂ ದೇಶಾಚಾರವೂ

ಶಿಶುಪಾಲನೆಯು ಮನುಷ್ಯನ ವಿದ್ಯೆಗಳಲ್ಲೆಲ್ಲ ಅತಿ ಪ್ರಾಚೀನವಾದುದು. ಶಿಶುಪಾಲನೆಯ ಶಾಸ್ತ್ರವಾದರೋ ನಿನ್ನೆ ಮೊನ್ನೆ ಹುಟ್ಟಿದುದು. ಕೂಸಿಗೆ ಯಾವಾಗ ಮೊಲೆ ಬಿಡಿಸಬೇಕು, ಅದು ಅತ್ತರೆ ಕೂಡಲೆ ಎತ್ತಿಕೊಳ್ಳಬೇಕೆ, ಯಾರ ಮಗ್ಗುಲಲ್ಲಿ ಮಲಗಿಸಬೇಕು ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಜನಾಂಗದ ಮುದುಕಿಯರಲ್ಲಿಯೂ ಸಿದ್ಧವಾದ ಉತ್ತರವಿದ್ದಿತು. ಆದರೆ ಒಂದು ಜನಾಂಗದ ಉತ್ತರವು ಮತ್ತೊಂದರ ಉತ್ತರಕ್ಕೆ ಹೊಂದುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಪಂಡಿತರು ಈ ವಿಷಯವನ್ನು ಪರೀಕ್ಷೆಗೆ ತೆಗೆದುಕೊಂಡಾಗ, ಒಂದು ದೇಶದ ಮಕ್ಕಳನ್ನು ನೋಡಿ ಮಾಡಿದ ನಿಯಮವು ಸರ್ವದೇಶಗಳ ಮಕ್ಕಳಿಗೂ ಸಲ್ಲುವುದೆ ಎಂಬ ಸಂದೇಹವು ತಲೆಯೆತ್ತಿತು. ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ನಿಯಮಕ್ಕೆ ಹೊಂದದ ಮಗುವನ್ನು ಕೊರತೆಯುಳ್ಳದೆಂದೂ ಅದರ ತಾಯಿಯನ್ನು ಕರ್ತವ್ಯ ತಪ್ಪಿದವಳೆಂದೂ ಎಣಿಸುವುದು ಸುಲಭವಾದ್ದರಿಂದ, ಅಳತೆಗೋಲಿನ ದೋಷವು ಕೊನೆಗೆ ಮನೆಮನೆಯ ತಾಯಂದಿರ ಮೇಲೆಯೇ ಬೀಳುವುದು. ತಾಯಿ ಮಕ್ಕಳ ಅನುಬಂಧವನ್ನು ಕುರಿತ ಸಿದ್ಧಾಂತದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ.

ಈ ಸಿದ್ಧಾಂತದ ಮೂಲಪುರುಷನು ಜಾನ್ ಬೌಲ್ಬಿ ಎಂಬ ಆಂಗ್ಲೇಯ ವೈದ್ಯನು. 1907ರಲ್ಲಿ ಲಂಡನ್ನಿನ ಸಿರಿವಂತರ ಮನೆಯಲ್ಲಿ ಹುಟ್ಟಿದ ಈತನು, ಆ ವರ್ಗದ ವಾಡಿಕೆಯಂತೆ, ದಾದಿಯ ಕೈಯಲ್ಲಿ ಬೆಳೆದನು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಆ ದಾದಿಯು ಮನೆಬಿಟ್ಟು ಹೋದಳು. ಎರಡನೆಯ ಮಹಾಯುದ್ಧದ ತರುವಾಯ ಮನೆಮಠಗಳಿಲ್ಲದ ಮಕ್ಕಳ ಸ್ಥಿತಿಯನ್ನು ವಿಚಾರಿಸಿ, 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಈತನು ಒಂದು ವರದಿಯನ್ನು ಒಪ್ಪಿಸಿದನು. ಎಳೆಯ ಮಗುವಿಗೆ ತಾಯಿಯ, ಅಥವಾ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತ ಒಬ್ಬರ, ಎಡೆಬಿಡದ ಪ್ರೀತಿಯು ಅನ್ನದಷ್ಟೇ ಅವಶ್ಯಕವೆಂಬುದು ಅದರ ಸಾರ. ಈ ವಿಚಾರದಿಂದ ಆದ ಉಪಕಾರವು ಅಲ್ಪವಲ್ಲ. ಆಗ ಆಸ್ಪತ್ರೆಗೆ ಸೇರಿದ ಮಗುವನ್ನು ತಾಯಿ ಮನಬಂದಾಗ ನೋಡುವಂತಿರಲಿಲ್ಲ. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಆಸ್ಪತ್ರೆಯಲ್ಲಿ ಒಂಟಿಯಾದ ಎರಡು ವರ್ಷದ ಹುಡುಗಿಯ ಚಲನಚಿತ್ರವನ್ನು ತೋರಿಸಿದನು. 1959ರ ಪ್ಲಾಟ್ ಸಮಿತಿಯ ವರದಿಯು ಇಂಗ್ಲೆಂಡಿನ ಆಸ್ಪತ್ರೆಗಳ ಬಾಗಿಲನ್ನು ತಂದೆತಾಯಿಗಳಿಗೆ ತೆರೆಯಬೇಕೆಂದು ಹೇಳಿತು.

ಆದರೆ ಅದೇ ಮಾತನ್ನು ಬಿಗಿಯಾಗಿ ಹಿಡಿದವರು, ತಾಯಿಯೊಬ್ಬಳೇ ಹಗಲಿರುಳೂ ಮಗುವಿನ ಬಳಿ ಇರತಕ್ಕದ್ದೆಂದೂ ದುಡಿಯಲು ಹೋದ ತಾಯಿ ಮಗುವನ್ನು ಕೆಡಿಸುವಳೆಂದೂ ಸಾರತೊಡಗಿದರು. ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಮಕ್ಕಳ ಬಾಳನ್ನು ಕಣ್ಣಾರೆ ಕಂಡಿದ್ದ ಮಾರ್ಗರೆಟ್ ಮೀಡ್ ಎಂಬ ಅಮೆರಿಕದ ವಿದುಷಿಯು 1954ರಲ್ಲಿಯೇ ಇದನ್ನು ವಿರೋಧಿಸಿದಳು. ಹಲವು ಮಂದಿ ಅಕ್ಕರೆಯವರ ಕೈಯಲ್ಲಿ ಬೆಳೆದ ಮಗುವು ಹೆಚ್ಚು ಹೊಂದಾಣಿಕೆಯುಳ್ಳದಾಗುವುದೆಂದು ಆಕೆಯ ವಾದ.

ಅದೇ ವರ್ಷ ಬೌಲ್ಬಿಯ ಬಳಿ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ತನ್ನ ಪತಿಯೊಡನೆ ಆಫ್ರಿಕದ ಉಗಾಂಡಕ್ಕೆ ಹೋದಳು. ಕಂಪಾಲಾ ನಗರದ ಸುತ್ತಣ ಹಳ್ಳಿಗಳಲ್ಲಿ ಗಂಡಾ ಜನರ 26 ಮನೆಗಳ 28 ಕೂಸುಗಳನ್ನು ಆರಿಸಿಕೊಂಡು, ಸುಮಾರು ಎರಡು ವಾರಕ್ಕೊಮ್ಮೆ ಒಂದೊಂದು ಮನೆಯಲ್ಲಿಯೂ ಕೆಲವು ಗಂಟೆ ಕುಳಿತು ನೋಡಿದಳು. ಮೊಲೆ ಬಿಡಿಸುವಾಗ ಮಗುವನ್ನು ತಾಯಿಯಿಂದ ಅಗಲಿಸಿ ಅಜ್ಜಿಯ ಮನೆಗೆ ಕಳುಹುವ ಹಳೆಯ ಪದ್ಧತಿಯ ಪರಿಣಾಮವನ್ನು ತಿಳಿಯಬೇಕೆಂಬುದು ಆಕೆಯ ಮೊದಲ ಉದ್ದೇಶ. ಹೋಗಿ ನೋಡಿದರೆ ಆ ಪದ್ಧತಿಯನ್ನು ಬಹುಮಂದಿ ಬಿಟ್ಟಿದ್ದರು. ಆಗ ಆಕೆಯು ಕೂಸು ತಾಯಿಗೆ ಅಂಟಿಕೊಳ್ಳುವ ಬಗೆಯನ್ನೇ ಗಮನಿಸತೊಡಗಿದಳು. ಅಂಬೆಗಾಲಿಡುವ ಮಗು ತಾಯಿಯನ್ನು ಬಿಟ್ಟು ದೂರ ಹೋಗಿ, ಸುತ್ತಮುತ್ತ ತಡಕಾಡಿ, ಮರಳಿ ಬಂದು ಆಕೆಯನ್ನು ಮುಟ್ಟಿ ಮತ್ತೆ ಹೊರಡುವುದು. ತಾಯಿ ಎದ್ದು ಹೋದರೆ ಅತ್ತು ಹಿಂಬಾಲಿಸುವುದು. ತನ್ನ ಮಗುವಿನ ಸ್ವಭಾವವನ್ನು ಕೇಳಿದಾಗ ವಿವರವಾಗಿ ಹೇಳಬಲ್ಲ ತಾಯಂದಿರ ಮಕ್ಕಳೇ ಹೆಚ್ಚು ನೆಮ್ಮದಿಯಿಂದಿದ್ದುದು ಕಂಡುಬಂದಿತು. ಅನೇಕ ಕೂಸುಗಳಿಗೆ ತಂದೆ, ಅಜ್ಜಿ, ಅಕ್ಕ ಮೊದಲಾದವರಲ್ಲಿಯೂ ಅನುಬಂಧವಿದ್ದಿತು. ಈ ಪರಿಶೀಲನೆಯ ಫಲವು 1967ರಲ್ಲಿ ಗ್ರಂಥರೂಪವಾಗಿ ಪ್ರಕಟವಾಯಿತು.

ಮುಂದೆ 1963ರಿಂದ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 26 ಕುಟುಂಬಗಳನ್ನು ಇದೇ ರೀತಿ ಪರಿಶೀಲಿಸಿದಳು. ಅಲ್ಲಿ ಒಂದು ತೊಡಕು ಬಂದಿತು. ತಾಯಿಯು ಕೋಣೆಯಿಂದ ಹೊರಗೆ ಹೋದೊಡನೆ ಗಂಡಾ ಕೂಸು ಅಳುತ್ತಿದ್ದಿತು. ಬಾಲ್ಟಿಮೋರಿನ ಕೂಸಿಗಾದರೋ ತಾಯಿ ಹೋಗಿ ಬರುವುದು ನಿತ್ಯದ ರೂಢಿ, ಆದ್ದರಿಂದ ಮನೆಯಲ್ಲಿ ಅದು ಅಷ್ಟಾಗಿ ಗಮನಕೊಡುತ್ತಿರಲಿಲ್ಲ. ಅನುಬಂಧವನ್ನು ಹೊರಗೆಡಹಲು ಅದಕ್ಕೆ ಹೆಚ್ಚಿನ ಕಳವಳವನ್ನು ಉಂಟುಮಾಡಬೇಕಾಯಿತು. ಅದಕ್ಕಾಗಿ ಐನ್ಸ್‌ವರ್ತ್ ಬಾರ್ಬರಾ ವಿಟಿಗ್ ಎಂಬಾಕೆಯೊಡನೆ ಕೂಡಿ 'ಅಪರಿಚಿತ ಸನ್ನಿವೇಶ'ವೆಂಬ ಪರೀಕ್ಷೆಯನ್ನು ಕಲ್ಪಿಸಿದಳು. ಕಂಡರಿಯದ ಕೋಣೆಯಲ್ಲಿ ಆಟದ ಸಾಮಾನುಗಳ ನಡುವೆ ಒಂದು ವರ್ಷದ ಮಗು. ಅಪರಿಚಿತ ಹೆಂಗಸಿನ ಪ್ರವೇಶ. ತಾಯಿಯು ಎರಡು ಬಾರಿ ಹೊರಗೆ ಹೋಗಿ ಮರಳುವುದು. ಎಲ್ಲವೂ ಸುಮಾರು 20 ನಿಮಿಷಗಳ ವ್ಯವಹಾರ. ಮರಳಿದ ತಾಯಿಯ ಬಳಿ ಸಮಾಧಾನಗೊಳ್ಳುವ ಮಗುವನ್ನು ಸುಸ್ಥಿರವೆಂದೂ, ಮುಖ ತಿರುಗಿಸುವುದನ್ನು ವಿಮುಖವೆಂದೂ, ಅಪ್ಪಿಕೊಂಡೇ ಸಿಟ್ಟಾಗಿ ಒದೆಯುವುದನ್ನು ಪ್ರತಿರೋಧಿಯೆಂದೂ ವಿಂಗಡಿಸಿದರು. ಬಾಲ್ಟಿಮೋರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೂಸುಗಳು ಮೊದಲನೆಯ ಪಂಗಡಕ್ಕೆ ಸೇರಿದುವು.

ಹೀಗೆ ಈ ಪರೀಕ್ಷೆಯು ಹುಟ್ಟಿದುದೇ ದೇಶಾಚಾರದ ಭೇದದಿಂದ. ಆದರೂ ಅದನ್ನು ಬಳಸಿದವರಲ್ಲಿ ಅನೇಕರು ಈ ಮೂಲವನ್ನು ಮರೆತರು. ಜರ್ಮನಿಯ ಬೀಲೆಫೆಲ್ಡ್ ಪಟ್ಟಣದ 49 ಕೂಸುಗಳನ್ನು ಗ್ರಾಸ್‌ಮನ್ ದಂಪತಿಗಳು ಪರೀಕ್ಷಿಸಲು, ಸುಮಾರು ಅರ್ಧದಷ್ಟು ವಿಮುಖವೆಂದು ಎಣಿಕೆಗೆ ಬಂದುವು. ಅಲ್ಲಿನ ತಾಯಂದಿರೆಲ್ಲರೂ ನಿರ್ದಯರೆ? ಹಾಗಲ್ಲ, ಮಗು ಬೇಗನೆ ತನ್ನ ಕಾಲಮೇಲೆ ನಿಲ್ಲಬೇಕೆಂಬುದು ಉತ್ತರ ಜರ್ಮನಿಯ ಜನರ ಬಯಕೆಯಾಗಿದ್ದುದನ್ನು ಗ್ರಾಸ್‌ಮನ್ನರು ತೋರಿಸಿಕೊಟ್ಟರು. ಜಪಾನಿನ ಸಪ್ಪೊರೊದಲ್ಲಿ 60 ಕೂಸುಗಳ ಪರೀಕ್ಷೆಯ ಫಲವು ಇದಕ್ಕೆ ತೀರ ವಿರುದ್ಧ: ವಿಮುಖವಾದುದು ಒಂದೂ ಇಲ್ಲ, ಸುಮಾರು ಮೂರನೆಯ ಒಂದು ಪಾಲು ಪ್ರತಿರೋಧಿಗಳು. ಹಗಲಿನಲ್ಲಿ ತಾಯಿಯ ಬೆನ್ನಿನ ಮೇಲೂ ಇರುಳಿನಲ್ಲಿ ಆಕೆಯ ಮಗ್ಗುಲಲ್ಲೂ ಇದ್ದು ಬೆಳೆದ ಜಪಾನಿನ ಕೂಸಿಗೆ ಬರಿಗೋಣೆಯಲ್ಲಿ ಒಂಟಿಯಾಗುವುದು ಅಲ್ಪ ಕಳವಳವಲ್ಲ, ಮಹಾಭೀತಿ. ಬಹುಪಾಲು ಕೂಸುಗಳ ಆ ಘಟ್ಟವನ್ನು ನಡುವೆಯೇ ನಿಲ್ಲಿಸಬೇಕಾಯಿತೆಂದು ತಕಾಹಾಶಿ 1986ರಲ್ಲಿ ಬರೆದಳು. ಕಳವಳಪಡದ ಮಗುವಿಗಾಗಿ ಮಾಡಿದ ಉಪಾಯವು ಅತಿಯಾಗಿ ಕಳವಳಪಡುವ ಮಗುವಿನ ಮೇಲೆ ಪ್ರಯೋಗವಾದುದರ ಫಲವಿದು.

1988ರಲ್ಲಿ ವಾನ್ ಐಜೆಂಡೂರ್ನ್ ಮತ್ತು ಕ್ರೂನೆನ್‌ಬರ್ಗ್ ಎಂಬ ಡಚ್ ಪಂಡಿತರು 8 ದೇಶಗಳ 32 ಪರಿಶೀಲನೆಗಳಲ್ಲಿ ಕಂಡುಬಂದ ಸುಮಾರು 2000 ಕೂಸುಗಳ ಲೆಕ್ಕವನ್ನು ಕೂಡಿಸಿದರು. ಒಟ್ಟಿನಲ್ಲಿ ಎಲ್ಲ ದೇಶಗಳಲ್ಲಿಯೂ ಸುಸ್ಥಿರವಾದ ಅನುಬಂಧವೇ ಹೆಚ್ಚು. ದೇಶದೇಶಗಳ ನಡುವಿನ ಭೇದಕ್ಕಿಂತ ಒಂದೇ ದೇಶದೊಳಗಣ ಭೇದವು ಸುಮಾರು ಒಂದೂವರೆ ಪಟ್ಟು. ಇದು ಬೌಲ್ಬಿಯ ಮೂಲವಿಚಾರಕ್ಕೆ ಬಲಕೊಟ್ಟಿತು. ಆದರೆ ಆ 32ರಲ್ಲಿ 18 ಅಮೆರಿಕದವು. ಭಾರತದ್ದು ಒಂದೂ ಇಲ್ಲ, ಆಫ್ರಿಕದ್ದೂ ಇಲ್ಲ. ಯಾವ ಉಗಾಂಡದ ಅಂಗಳದಲ್ಲಿ ಶಾಸ್ತ್ರವು ಅಂಬೆಗಾಲಿಟ್ಟಿತೋ ಅದೇ ಈ ಲೆಕ್ಕದಿಂದ ಹೊರಗೆ ಉಳಿದಿತ್ತು.

ಲೆಕ್ಕದ ಹೊರಗಿನ ಬಾಳು ಎಂತಹುದೆಂಬುದನ್ನು ಬೇರೆ ಶೋಧಕರು ತಿಳಿಸಿರುವರು. ಕಾಂಗೋದ ಇಟುರಿ ಅರಣ್ಯದ ಎಫೆ ಜನರಲ್ಲಿ ನಾಲ್ಕು ತಿಂಗಳ ಕೂಸು ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ತಾಯಿಯಲ್ಲದವರ ತೋಳಿನಲ್ಲಿರುವುದೆಂದೂ, ಇತರ ಹೆಂಗಸರೂ ಅದಕ್ಕೆ ಹಾಲೂಡುವರೆಂದೂ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1987ರಲ್ಲಿ ವರದಿ ಮಾಡಿದರು. ವೈಟಿಂಗ್ ದಂಪತಿಗಳ ನೇತೃತ್ವದಲ್ಲಿ 1954ರಿಂದ ನಡೆದ ಆರು ಸಮಾಜಗಳ ಪರಿಶೀಲನೆಯಲ್ಲಿ ಉತ್ತರ ಪ್ರದೇಶದ ಖಲಾಪುರವೂ ಒಂದು. ಅಲ್ಲಿಯ ರಜಪೂತರ ಅಂಗಳದಲ್ಲಿ ಅತ್ತೆ ಸೊಸೆ ವಾರಗಿತ್ತಿಯರ ನಡುವೆ ಮಗು ಬೆಳೆಯುತ್ತಿದ್ದಿತು. ಕೀನ್ಯದ ನ್ಯಾನ್ಸೊಂಗೊದಲ್ಲಿ ಎಳೆಯ ಅಕ್ಕಂದಿರೇ ಕೂಸನ್ನು ಆಡಿಸುತ್ತಿದ್ದರು. ಹೀಗೆ ಹೊಣೆಹೊತ್ತ ಮಕ್ಕಳಲ್ಲಿ ಪರರಿಗೆ ನೆರವಾಗುವ ಗುಣವು ಎದ್ದುಕಂಡಿತೆಂದು 1975ರ ಅವರ ಗ್ರಂಥವು ಹೇಳುವುದು.

ಈ ಚರಿತ್ರೆಯಿಂದ ತಿಳಿಯತಕ್ಕುದು ಎರಡು. ತನ್ನನ್ನು ಅರಿತು ಓಗೊಡುವ ಕೆಲವರಾದರೂ ಸ್ಥಿರವಾಗಿ ಬಳಿಯಿರಬೇಕೆಂಬ ಹಂಬಲವು ಎಲ್ಲ ಕೂಸುಗಳಿಗೂ ಸಮಾನ. ಅದನ್ನು ಆಚಾರಭೇದದ ಹೆಸರಿನಲ್ಲಿ ತಳ್ಳಿಹಾಕಲಾಗದು. ಆ ಕೆಲವರು ಯಾರು, ಎಷ್ಟು ಮಂದಿ, ಪ್ರೀತಿಯನ್ನು ಯಾವ ರೀತಿ ತೋರುವರು ಎಂಬುದಾದರೋ ದೇಶಾಚಾರಕ್ಕೆ ಸೇರಿದ್ದು. ಅದನ್ನು ಒಂದು ಕೋಣೆಯ 20 ನಿಮಿಷದಿಂದ ತೀರ್ಮಾನಿಸಲಾಗದು. ಐನ್ಸ್‌ವರ್ತ್ ತಾನೇ ಅನೇಕ ತಿಂಗಳು ಮನೆಗಳಲ್ಲಿ ಕುಳಿತು ನೋಡಿದ ಮೇಲೆಯೇ ಆ ಪರೀಕ್ಷೆಗೆ ಅರ್ಥವನ್ನು ಕಂಡಳು. ಪರೀಕ್ಷೆಯನ್ನು ದೇಶದೇಶಗಳಿಗೆ ಒಯ್ದವರು ಅದರೊಡನೆ ಈ ತಾಳ್ಮೆಯನ್ನೂ ಒಯ್ದಿದ್ದರೆ, ನೂರಾರು ತಾಯಂದಿರ ಮೇಲೆ ಅನ್ಯಾಯವಾದ ತೀರ್ಪು ಬೀಳುತ್ತಿರಲಿಲ್ಲ.