ಕೂದಲು ವಾಲುವ ದಿಕ್ಕು: ಕೀಟದ ಚರ್ಮದ ಜೀವಕೋಶಗಳು ಮತ್ತು ಅವುಗಳ ಗಣಿತ ಮಾದರಿಗಳ ಚರಿತ್ರೆ

ಹಣ್ಣಿನ ನೊಣದ ರೆಕ್ಕೆಯೊಂದರಲ್ಲಿ ಸುಮಾರು 30,000 ಜೀವಕೋಶಗಳಿವೆ. ಬಹುತೇಕ ಒಂದೊಂದು ಕೋಶದಿಂದಲೂ ಒಂದೊಂದು ಕೂದಲು ಎದ್ದು ರೆಕ್ಕೆಯ ತುದಿಯತ್ತ ವಾಲುತ್ತದೆ. ತುದಿ ಯಾವ ಕಡೆಗಿದೆ ಎಂಬುದು ನಡುವೆ ಎಲ್ಲೋ ಇರುವ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಗೆ ಗಣಿತದ ಉತ್ತರ ಹುಡುಕಿದವರ ಚರಿತ್ರೆಯನ್ನು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಕಂಪ್ಯೂಟರ್ ಮಾದರಿಯಿಂದ ಶುರುಮಾಡುವುದು ಸುಲಭ. ಆದರೆ ಮಾದರಿ ಕಟ್ಟುವ ಕೆಲಸ ಅದಕ್ಕಿಂತ ಮೂರು ದಶಕ ಮೊದಲೇ, ನೊಣದಲ್ಲಲ್ಲ, ತಿಗಣೆಯಲ್ಲಿ ನಡೆದಿತ್ತು. ಈ ನಡುವಿನ ಕಾಲದಲ್ಲಿ ಬದಲಾದದ್ದು ಗಣಿತಕ್ಕಿಂತ ಹೆಚ್ಚಾಗಿ, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ತೀರ್ಮಾನ ಎಂಬುದು ನನ್ನ ವಾದ.

ದಕ್ಷಿಣ ಅಮೆರಿಕದ ರಕ್ತ ಹೀರುವ ತಿಗಣೆ ರೋಡ್ನಿಯಸ್, ಚಾಗಸ್ ರೋಗ ಹರಡುವ ಕೀಟಗಳಲ್ಲೊಂದು. ಪ್ರಯೋಗಾಲಯದಲ್ಲಿ ಅದಕ್ಕೆ ಬೆಲೆ ಬಂದದ್ದು ಮಾತ್ರ ಬೇರೊಂದು ಗುಣದಿಂದ. ಮರಿ ಒಮ್ಮೆ ಹೊಟ್ಟೆ ತುಂಬ ರಕ್ತ ಕುಡಿದರೆ ಸಾಕು, ಗೊತ್ತಾದ ದಿನಗಳಲ್ಲಿ ಪೊರೆ ಕಳಚುತ್ತದೆ. ಊಟ ಕೊಟ್ಟ ದಿನವೇ ಪ್ರಯೋಗದ ಗಡಿಯಾರ ಶುರು. ಇಂಗ್ಲೆಂಡಿನ ವಿನ್ಸೆಂಟ್ ವಿಗಲ್ಸ್‌ವರ್ತ್ ಈ ಕೀಟವನ್ನು ಶರೀರಶಾಸ್ತ್ರದ ಮುಖ್ಯ ಪ್ರಾಣಿಯಾಗಿ ನೆಲೆಗೊಳಿಸಿದರು.

ಪ್ರೌಢ ರೋಡ್ನಿಯಸ್ಸಿನ ಹೊಟ್ಟೆಯ ಖಂಡಗಳ ಮೇಲೆ ಅಡ್ಡಡ್ಡಕ್ಕೆ ಸಣ್ಣ ಸುಕ್ಕುಗಳಿರುತ್ತವೆ. ಮೈಕೆಲ್ ಲಾಕ್ ಮರಿಯ ಚರ್ಮದಿಂದ ಚೌಕಾಕಾರದ ತುಂಡು ಕತ್ತರಿಸಿ ಬೇರೆಡೆ ಕಸಿಮಾಡಿ, ಪೊರೆ ಕಳಚಿದ ಮೇಲೆ ಸುಕ್ಕುಗಳನ್ನು ಪರೀಕ್ಷಿಸಿದರು. 1959ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಎಡದ ತುಂಡನ್ನು ಅದೇ ಮಟ್ಟದಲ್ಲಿ ಬಲಕ್ಕೆ ಒಯ್ದರೆ ಸುಕ್ಕು ಕೆಡುವುದಿಲ್ಲ. ಒಂದು ಖಂಡದ ತುಂಡನ್ನು ಇನ್ನೊಂದು ಖಂಡದ ಅದೇ ಮಟ್ಟಕ್ಕೆ ಒಯ್ದರೂ ಕೆಡುವುದಿಲ್ಲ. ಮುಂದಿನದನ್ನು ಹಿಂದಕ್ಕೆ ಹಾಕಿದರೆ ಅಥವಾ ತುಂಡನ್ನು ತಿರುಗಿಸಿ ಕೂರಿಸಿದರೆ ಮಾತ್ರ ಗೆರೆಗಳು ಬಾಗಿ ಸುಳಿಯಾಗುತ್ತವೆ. ಪ್ರತಿ ಖಂಡದಲ್ಲೂ ಮುಂದಿನಿಂದ ಹಿಂದಕ್ಕೆ ಏನೋ ಒಂದು ಕ್ರಮವಾಗಿ ಏರುತ್ತದೆ ಇಲ್ಲವೇ ಇಳಿಯುತ್ತದೆ ಎಂದು ತೀರ್ಮಾನಿಸಲು ಇಷ್ಟು ಸಾಕಾಗಿತ್ತು. ಬೇರಾವ ಉಪಕರಣವೂ ಇಲ್ಲದೆ, ಬರೀ ಚೂರಿ ಮತ್ತು ಸೂಕ್ಷ್ಮದರ್ಶಕದಿಂದ ಹೊರಟ ಇಂಥ ಖಚಿತ ತರ್ಕ ಈ ಕ್ಷೇತ್ರದಲ್ಲಿ ಮತ್ತೆ ಅಪರೂಪ.

ವಿಗಲ್ಸ್‌ವರ್ತ್ ಅವರ ಶಿಷ್ಯ ಪೀಟರ್ ಲಾರೆನ್ಸ್ 1966ರಲ್ಲಿ ಅಮೆರಿಕದ ಎಕ್ಕದ ಕುಟುಂಬದ ಗಿಡಗಳ ಮೇಲೆ ಬದುಕುವ ಆಂಕೊಪೆಲ್ಟಸ್ ತಿಗಣೆಯ ಮೇಲಿನ ಅಧ್ಯಯನ ಪ್ರಕಟಿಸಿದರು. ಅದರ ಖಂಡಗಳ ನಡುವಿನ ಗಡಿ ಕಡಿದುಹೋದ ಜಾಗದಲ್ಲಿ ಕೂದಲುಗಳು ಹಿಂದುಮುಂದಾಗಿ ನಿಲ್ಲುತ್ತವೆ. ಒಂದು ಖಂಡದ ಎತ್ತರದ ಅಂಚು ಮುಂದಿನದರ ತಗ್ಗಿನ ಅಂಚಿನ ಮೇಲೆ ಮರಳಿನ ದಿಣ್ಣೆಯಂತೆ ಕುಸಿದರೆ ಇಳಿಜಾರು ತಿರುಗಿಬೀಳಬೇಕಲ್ಲವೇ? ಕೂದಲು ಆ ಇಳಿಜಾರನ್ನೇ ತೋರಿಸುತ್ತಿತ್ತು.

ಇದಕ್ಕೆ ಸಮೀಕರಣ ಕೊಟ್ಟವರು ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್. ಭ್ರೂಣದ ಅಳತೆಯ ದೂರದಲ್ಲಿ ಕೆಲವೇ ಗಂಟೆಗಳೊಳಗೆ ವಿಸರಣೆಯೊಂದರಿಂದಲೇ ಸಾಂದ್ರತೆಯ ಇಳಿಜಾರು ನೆಲೆಗೊಳ್ಳಬಲ್ಲದು ಎಂದು 1970ರಲ್ಲಿ ಅವರು ಲೆಕ್ಕ ಹಾಕಿ ತೋರಿಸಿದ್ದರು. 1972ರಲ್ಲಿ ಲಾರೆನ್ಸ್, ಕ್ರಿಕ್ ಮತ್ತು ಮನ್ರೋ ಸೇರಿ ರೋಡ್ನಿಯಸ್ಸಿನ ತಿರುಗಿಸಿದ ಕಸಿಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿದರು. ಸುಕ್ಕುಗಳು ಸಾಂದ್ರತೆಯ ಸಮಮಟ್ಟ ರೇಖೆಗಳೆಂದು ಹಿಡಿದರೆ, ಲೆಕ್ಕದಿಂದ ಬಂದ ರೇಖೆಗಳನ್ನು ಕೀಟದ ಬೆನ್ನಿನ ಗೆರೆಗಳ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬಹುದು. ಬರೀ ವಿಸರಣೆಯ ಮಾದರಿ ಇಲ್ಲಿ ಸೋತಿತು. ಪ್ರತಿ ಕೋಶವೂ ತನ್ನ ಹಿಂದಿನ ಮಟ್ಟವನ್ನು ನೆನಪಿಟ್ಟುಕೊಂಡು ಅದನ್ನು ಕಾಯ್ದುಕೊಳ್ಳಲು ಹೆಣಗುತ್ತದೆ ಎಂದು ಸೇರಿಸಿದಾಗ ಹೊಂದಿಕೆ ಬಂತು. ನನ್ನ ದೃಷ್ಟಿಯಲ್ಲಿ ಇದೇ ಈ ಕ್ಷೇತ್ರದ ಮೊದಲ ನಿಜವಾದ ಮಾದರಿ, ಏಕೆಂದರೆ ಅದು ತಾನೇ ಮುಂದಿಟ್ಟ ಸರಳ ಊಹೆಯನ್ನು ತಾನೇ ತಳ್ಳಿಹಾಕಿತು. ಇಳಿಜಾರಾಗಿ ಹರಡುವ ವಸ್ತು ಯಾವುದು ಎಂಬ ಸ್ಥಾನ ಮಾತ್ರ ಖಾಲಿ ಉಳಿಯಿತು.

ಆ ಸ್ಥಾನ ತುಂಬುವ ಕೆಲಸ ನೊಣದ ತಳಿಶಾಸ್ತ್ರಜ್ಞರ ಪಾಲಿಗೆ ಬಂತು. 1982ರಲ್ಲಿ ಡೇವಿಡ್ ಗಬ್ ಮತ್ತು ಆಂಟೋನಿಯೊ ಗಾರ್ಸಿಯಾ-ಬೆಯಿದೊ ಕೂದಲಿನ ದಿಕ್ಕು ಕೆಡಿಸುವ ‘ಫ್ರಿಝಲ್ಡ್’, ‘ಪ್ರಿಕಲ್’ ಮುಂತಾದ ಜೀನುಗಳನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದರು. 1987ರಲ್ಲಿ ವಿನ್ಸನ್ ಮತ್ತು ಆಡ್ಲರ್ ಕಂಡದ್ದು ಇನ್ನೂ ವಿಚಿತ್ರ. ಫ್ರಿಝಲ್ಡ್ ಇಲ್ಲದ ಕೋಶಗಳ ಒಂದು ಸಣ್ಣ ಗುಂಪನ್ನು ರೆಕ್ಕೆಯಲ್ಲಿ ಹುಟ್ಟಿಸಿದರೆ, ಗುಂಪಿನಿಂದ ತುದಿಯ ಕಡೆಗಿರುವ ಆರೋಗ್ಯವಂತ ನೆರೆಕೋಶಗಳ ಕೂದಲೂ ಆ ಗುಂಪಿನತ್ತ ಹಿಂದಿರುಗಿ ವಾಲುತ್ತದೆ. ಬುಡದ ಕಡೆಯ ನೆರೆಕೋಶಗಳಿಗೆ ಏನೂ ಆಗುವುದಿಲ್ಲ. ಅಂದರೆ ದಿಕ್ಕಿನ ಸುದ್ದಿ ಕೋಶದಿಂದ ಕೋಶಕ್ಕೆ ದಾಟುತ್ತದೆ. 2001ರ ಹೊತ್ತಿಗೆ ಡೇವಿಡ್ ಸ್ಟ್ರಟ್ ಮತ್ತು ಜೆಫ್ರಿ ಆಕ್ಸೆಲ್‌ರಾಡ್ ಬೇರೆಬೇರೆಯಾಗಿ, ಫ್ರಿಝಲ್ಡ್ ಹಾಗೂ ಅದರ ಜೊತೆಗಾರ ‘ಡಿಶೆವೆಲ್ಡ್’ ಪ್ರೋಟೀನುಗಳು ಕೋಶದ ತುದಿಬದಿಯ ಅಂಚಿನಲ್ಲಿ ಒಟ್ಟುಗೂಡುವುದನ್ನು ತೋರಿಸಿದರು. ‘ಪ್ರಿಕಲ್’ ಮತ್ತು ‘ವ್ಯಾಂಗ್’ ಪ್ರೋಟೀನುಗಳು ಎದುರು ಅಂಚಿನವು. ಇಲ್ಲಿಂದ ಮುಂದೆ ಲೆಕ್ಕದ ಘಟಕ ಖಂಡವಲ್ಲ, ಎರಡು ಕೋಶಗಳ ನಡುವಿನ ಗಡಿ.

2005ರ ಲೇಖನ ಹುಟ್ಟಿದ್ದು ಒಂದು ತಕರಾರಿನಿಂದ. ಅಕ್ಕಪಕ್ಕದ ಕೋಶಗಳ ಪ್ರೋಟೀನುಗಳು ಪರಸ್ಪರ ಬಲಪಡಿಸುವುದರಿಂದಲೇ ದಿಕ್ಕು ಹರಡುವುದಾದರೆ, ನೆರೆಯವರನ್ನು ಕೆಡಿಸದ ಫ್ರಿಝಲ್ಡ್ ರೂಪಾಂತರಗಳೂ ಇರುವುದೇಕೆ? ಸ್ಟ್ಯಾನ್‌ಫರ್ಡಿನಲ್ಲಿ ವಿಮಾನ ಎಂಜಿನಿಯರಿಂಗ್ ಹಿನ್ನೆಲೆಯ ಕ್ಲೇರ್ ಟಾಮ್ಲಿನ್ ಮತ್ತು ಕೀತ್ ಅಮೋನ್ಲಿರ್ಡ್‌ವಿಮನ್, ಆಕ್ಸೆಲ್‌ರಾಡ್ ಜೊತೆಗೂಡಿ ನಾಲ್ಕು ಪ್ರೋಟೀನುಗಳ ಚಲನೆ ಹಾಗೂ ಬಂಧಗಳನ್ನು ಷಟ್ಕೋನ ಕೋಶಗಳ ಮೇಲೆ ಸಮೀಕರಣಗಳಾಗಿ ಬರೆದರು. ಒಂದೇ ಜಾಲದಿಂದ ಎರಡೂ ಬಗೆಯ ಫಲಿತಾಂಶ ಹೊರಟಿತು. ಫ್ರಿಝಲ್ಡ್ ತನ್ನ ಕೋಶದೊಳಗಿನ ಡಿಶೆವೆಲ್ಡನ್ನು ಹಿಡಿಯಲಾಗದೆ, ನೆರೆಕೋಶದ ವ್ಯಾಂಗನ್ನು ಮಾತ್ರ ಹಿಡಿಯಬಲ್ಲುದಾದರೆ ಹಾನಿ ಗುಂಪಿನೊಳಗೇ ನಿಲ್ಲುತ್ತದೆ. ತಕರಾರಿಗೆ ಉತ್ತರ ಸಿಕ್ಕಿತು. ಆದರೆ ಇಡೀ ರೆಕ್ಕೆಗೆ ಮೊದಲ ವಾಲು ಕೊಡುವವರು ಯಾರು ಎಂಬುದನ್ನು ಮಾದರಿ ಹೊರಗಿನಿಂದ ಎರವಲು ಪಡೆದಿತ್ತು.

ಬುರಾಕ್ ಮತ್ತು ಶ್ರೈಮನ್ 2009ರಲ್ಲಿ ಇದನ್ನು ಕಾಂತವಸ್ತುವಿನ ಭೌತಶಾಸ್ತ್ರದಿಂದ ನೋಡಿದರು: ನೆರೆಯವರು ಸಾಕಷ್ಟು ಬಲವಾಗಿ ಕೂಡಿಕೊಂಡರೆ ತೀರ ದುರ್ಬಲ ಸೂಚನೆಯೂ ಇಡೀ ಅಂಗಾಂಶವನ್ನು ಸಾಲಾಗಿಸಬಲ್ಲದು. ಮರುವರ್ಷ ಡ್ರೆಸ್ಡೆನ್ನಿನ ಸುಝಾನ್ ಈಟನ್, ಫ್ರಾಂಕ್ ಯೂಲಿಶರ್ ಮತ್ತು ಸಂಗಡಿಗರು ಚಿತ್ರವನ್ನೇ ಬದಲಿಸಿದರು. ಪ್ಯೂಪಾದೊಳಗೆ ರೆಕ್ಕೆಯ ಬುಡ ಕುಗ್ಗುತ್ತದೆ, ಅಲಗು ಎಳೆತಕ್ಕೆ ಸಿಕ್ಕು ಕೋಶಗಳು ಹರಿದು ಜಾಗ ಬದಲಿಸುತ್ತವೆ. ಮೊದಲು ರೆಕ್ಕೆಯ ಅಂಚಿನತ್ತ ಇದ್ದ ಧ್ರುವೀಯತೆ, ಅಂದರೆ ಕೋಶಗಳ ದಿಕ್ಕು, ಈ ಹರಿವಿನಲ್ಲೇ ಹೊರಳಿ ತುದಿಯತ್ತ ತಿರುಗುತ್ತದೆ. ರಾಸಾಯನಿಕ ಇಳಿಜಾರಷ್ಟೇ ಅಲ್ಲ, ಯಾಂತ್ರಿಕ ಬಲವೂ ಸಮೀಕರಣದೊಳಗೆ ಬಂತು.

‘ಫ್ಯಾಟ್’ ಮತ್ತು ‘ಡಾಕ್ಸಸ್’ ಎಂಬ ಜೋಡಿ ಪ್ರೋಟೀನುಗಳ ವಿಷಯ ಇನ್ನೂ ಬಿಸಿಯಾಗಿದೆ. ಆಕ್ಸೆಲ್‌ರಾಡ್ ಮತ್ತು ಸಂಗಡಿಗರ ಪ್ರಕಾರ ಅವು ಫ್ರಿಝಲ್ಡ್ ಜಾಲಕ್ಕೆ ದಿಕ್ಕು ಹೇಳಿಕೊಡುವ ಮೇಲಿನ ಹಂತ. ನೊಣದ ಹೊಟ್ಟೆಯಲ್ಲಿ ಪ್ರಯೋಗ ನಡೆಸಿದ ಕಸಾಲ್, ಲಾರೆನ್ಸ್ ಮತ್ತು ಸ್ಟ್ರೂಲ್ 2006ರಲ್ಲಿ, ಎರಡೂ ಪರಸ್ಪರ ಸ್ವತಂತ್ರ ವ್ಯವಸ್ಥೆಗಳು ಎಂದು ವಾದಿಸಿದರು. ಫ್ಯಾಟ್-ಡಾಕ್ಸಸ್ ಜೋಡಿಗೆ ತನ್ನದೇ ಗಣಿತ ಬಂದದ್ದು ತಡವಾಗಿ. 2013ರಲ್ಲಿ ಮಾಧವ್ ಮಣಿ, ಶ್ರೈಮನ್ ಮತ್ತಿತರರು ಒಂದು ಮಾದರಿ ಕೊಟ್ಟರು. 2014ರಲ್ಲಿ ಕಾನ್ಪುರದ ಐಐಟಿಯ ಪ್ರದೀಪ್ ಸಿನ್ಹಾ ಅವರ ತಂಡದಿಂದ ಇನ್ನೊಂದು ಬಂತು. ಅದರ ಮೊದಲ ಲೇಖಕ ಮೋಹಿತ್ ಕುಮಾರ್ ಜಾಲಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಇವೆರಡೂ ಲೆಕ್ಕ ಹಾಕಿದ್ದು ಗಡಿಯ ಆಚೀಚೆ ಫ್ಯಾಟ್ ಮತ್ತು ಡಾಕ್ಸಸ್ ಕೈಹಿಡಿಯುವ ಬಗೆಯನ್ನು. ಹೊಟ್ಟೆ ಮತ್ತು ರೆಕ್ಕೆ ಒಂದೇ ನಿಯಮ ಪಾಲಿಸುತ್ತವೆಯೇ ಎಂಬ ಜಗಳ ತೀರಬೇಕಾದರೆ, ಒಂದೇ ಮಾದರಿಯನ್ನು ಎರಡೂ ಅಂಗಾಂಶಗಳ ಮೇಲೆ ಓಡಿಸಿ, ಎಲ್ಲಿ ಸೋಲುತ್ತದೆಂದು ನೋಡಬೇಕು.