ಸಣ್ಣಕತೆಯ ಕಥಾಸಂವಿಧಾನ: ಒಂದು ಪರಿಚಯ

ಸಣ್ಣಕತೆಯಲ್ಲಿ ಒಂದಾದ ಮೇಲೊಂದರಂತೆ ನಡೆಯುವ ಘಟನೆಗಳೇ ಬೇರೆ, ಅವುಗಳನ್ನು ಕಾರಣ ಮತ್ತು ಪರಿಣಾಮಗಳ ಎಳೆಯಿಂದ ಹೆಣೆಯುವ ಕಥಾಸಂವಿಧಾನವೇ ಬೇರೆ. ಘಟನೆಗಳು ‘ಮುಂದೇನಾಯಿತು?’ ಎಂಬ ಪ್ರಶ್ನೆಗೆ ಉತ್ತರಿಸಿದರೆ, ಸಂವಿಧಾನವು ‘ಏಕೆ ಹಾಗಾಯಿತು?’ ಎಂಬುದಕ್ಕೆ ಉತ್ತರಿಸುತ್ತದೆ. ಆಂಗ್ಲ ಲೇಖಕ ಇ. ಎಂ. ಫಾರ್ಸ್ಟರ್ 1927ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದರು.

ಐದು ಅವಸ್ಥೆಗಳು

ನಮ್ಮ ಪರಂಪರೆಯಲ್ಲಿಯೂ ಈ ವಿಚಾರ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು ನಾಟಕದ ಕಾರ್ಯಕ್ಕೆ ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ ಹಾಗೂ ಫಲಾಗಮ ಎಂಬ ಐದು ಅವಸ್ಥೆಗಳನ್ನು ಹೇಳುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ರಂಗನ ಮದುವೆ’ಗೆ ಇವನ್ನು ಅನ್ವಯಿಸಿ ನೋಡಬಹುದು. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಮರಳಿದ ರಂಗಪ್ಪ ತನಗೆ ಮೆಚ್ಚುಗೆಯಾಗುವ ಹೆಣ್ಣು ದೊರೆಯುವವರೆಗೆ ಮದುವೆಯಾಗುವುದಿಲ್ಲ ಎನ್ನುತ್ತಾನೆ. ಅವನ ಮದುವೆ ಮಾಡಿಸಲೇಬೇಕೆಂದು ಕತೆ ಹೇಳುವ ಶಾಮ ನಿಶ್ಚಯಿಸುವುದು ಆರಂಭ. ರತ್ನಳ ಹಾಡು ರಂಗಪ್ಪನ ಕಿವಿಗೆ ಬೀಳುವಂತೆ ಮಾಡುವುದು ಪ್ರಯತ್ನ. ಅವನ ಕುತೂಹಲ ಕಂಡಾಗ ಪ್ರಾಪ್ತ್ಯಾಶೆ. ಆದರೆ ಅಲ್ಲಿಯೇ ಶಾಮ, ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳುತ್ತಾನೆ. ಮೊದಲೇ ಹೇಳಿಕೊಟ್ಟಂತೆ ಶಾಸ್ತ್ರಿಗಳು ಭವಿಷ್ಯ ನುಡಿದು, ನಿಜ ಹೊರಬಿದ್ದಾಗ ನಿಯತಾಪ್ತಿ. ಮದುವೆಯೇ ಫಲಾಗಮ.

ಈ ಕತೆಯಿಂದ ಶಾಮನ ಆ ಒಂದು ಸುಳ್ಳನ್ನು ತೆಗೆದುಬಿಟ್ಟರೆ ಉಳಿಯುವುದು ವಿವಾಹದ ವರ್ತಮಾನ ಮಾತ್ರ. ಯಾವ ಘಟನೆಯನ್ನು ತೆಗೆದರೆ ಕತೆಯೇ ಕುಸಿಯುತ್ತದೆಯೋ ಅದೇ ಸಂವಿಧಾನದ ಕೀಲು.

ಶೀರ್ಷಿಕೆಯಲ್ಲಿಯೇ ಅಂತ್ಯ

ಕೊನೆಯ ತಿರುವೇ ಕತೆಯ ಜೀವಾಳವೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಮಾಸ್ತಿಯವರು ಅಂತ್ಯವನ್ನು ಶೀರ್ಷಿಕೆಯಲ್ಲಿಯೇ ತಿಳಿಸಿದ್ದಾರೆ. ‘ಆನಂದ’ ಕಾವ್ಯನಾಮದ ಅಜ್ಜಂಪುರ ಸೀತಾರಾಂ ಅವರ ‘ನಾನು ಕೊಂದ ಹುಡುಗಿ’ಯಲ್ಲಿಯೂ ಅಷ್ಟೇ. ಹಳ್ಳಿಯೊಂದರಲ್ಲಿ ಅತಿಥಿಯಾಗಿ ಉಳಿದ ವಿದ್ಯಾವಂತನು, ಹರಕೆಯಿಂದ ಬಸವಿಯಾಗಿರುವ ಆ ಮನೆಯ ಮಗಳಿಗೆ ಅವಳ ಬಾಳು ತಪ್ಪೆಂದು ತಿಳಿಹೇಳುತ್ತಾನೆ. ಅದುವರೆಗೆ ದೇವರ ಸೇವೆಯೆಂದು ನಂಬಿದ್ದ ಮುಗ್ಧೆ ತಾನೇ ಪ್ರಾಣ ಕಳೆದುಕೊಳ್ಳುತ್ತಾಳೆ. ಶೀರ್ಷಿಕೆಯಲ್ಲಿ ಮಾತ್ರ ‘ನಾನು ಕೊಂದ’ ಎಂದಿದೆ. ಕೊಂದವರು ಯಾರು? ಹರಕೆ ಹೊತ್ತವರೇ, ಒಪ್ಪಿಕೊಂಡ ಸಮಾಜವೇ, ಸದುದ್ದೇಶದ ಬುದ್ಧಿಮಾತೇ? ಸಾವು ಮೊದಲೇ ತಿಳಿದಿರುವುದರಿಂದ ಓದುಗನ ಗಮನ ಹೊಣೆಯ ಕಡೆಗೆ ಹರಿಯುತ್ತದೆ. ಸಂವಿಧಾನವೆಂದರೆ ಕೇವಲ ಕುತೂಹಲದ ತಂತ್ರವಲ್ಲ, ಹೊಣೆಯ ವಿಚಾರಣೆಯೂ ಹೌದು.

ನವ್ಯದ ಕಾಲದಲ್ಲಿ ಯಶವಂತ ಚಿತ್ತಾಲ, ಯು. ಆರ್. ಅನಂತಮೂರ್ತಿ ಮೊದಲಾದವರ ಕತೆಗಳಲ್ಲಿ ಹೊರಗಿನ ಘಟನೆಗಿಂತ ಮನಸ್ಸಿನೊಳಗಿನ ತುಮುಲಕ್ಕೆ ಪ್ರಾಧಾನ್ಯ ಬಂದಿತು. ಅಲ್ಲಿಯೂ ಕಾರಣದ ಎಳೆ ಕಡಿಯಲಿಲ್ಲ, ಒಳಮುಖವಾಯಿತು.

ಮನೆಯಲ್ಲಿ ಕತೆ

ಮಲ್ಕಾಜ್‌ಗಿರಿಯಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳಲ್ಲಿ ಹಲವರಿಗೆ ಕನ್ನಡ ಲಿಪಿ ಅಪರಿಚಿತ. ಕನ್ನಡದ ಕತೆ ಅವರನ್ನು ತಲುಪುವುದು ಹಿರಿಯರ ಬಾಯಿಂದಲೇ. ಸಾರಾಂಶ ಹೇಳಿ ಮುಗಿಸಿದರೆ ಘಟನೆಗಳು ತಲುಪುತ್ತವೆ, ಕತೆ ತಲುಪುವುದಿಲ್ಲ. ಆದುದರಿಂದ ಕತೆಯನ್ನು ಪೂರ್ತಿಯಾಗಿ ಓದಿ ಹೇಳಿ, ಕೊನೆಯಲ್ಲಿ ನೀತಿಯನ್ನು ಸೇರಿಸದೆ, ‘ಶಾಮ ಸುಳ್ಳು ಹೇಳದಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿ ನೋಡಬಹುದು. ಮಗು ಯಾವ ಭಾಷೆಯಲ್ಲಿ ಉತ್ತರಿಸಿದರೂ ಕತೆಯ ಒಳಕ್ಕೆ ಕಾಲಿಟ್ಟಂತೆಯೇ.