ಒಂದು ಬಕೆಟ್ ನೀರು, ನೂರು ಬಟ್ಟಲು

ಸಿಂಗಪುರದ ಹಳೆಯ ಕೇರಿಗಳ ಹೆಸರಲ್ಲೇ ನೀರಿದೆ. ಚೀನೀಯರ ಕೇರಿಗೆ ಮಲಯ ಭಾಷೆಯಲ್ಲಿ ಕ್ರೆತಾ ಆಯೆರ್, ಅಂದರೆ ನೀರಿನ ಗಾಡಿ ಎಂದು ಹೆಸರು. ಪಕ್ಕದ ಗುಡ್ಡದ ಬಾವಿಯಿಂದ ಎತ್ತಿನ ಗಾಡಿಗಳಲ್ಲಿ ನೀರು ಬರುತ್ತಿದ್ದ ಕಾಲದ ಗುರುತು ಅದು. ಅದರಾಚೆಗಿನ ತೆಲೋಕ್ ಆಯೆರ್ ಎಂದರೆ ನೀರಿನ ಕೊಲ್ಲಿ. ಆದರೆ ಈ ಕೇರಿಗಳ ರಸ್ತೆಬದಿಯಲ್ಲಿ ತಲೆಮಾರುಗಳ ಕಾಲ ಅಡುಗೆ ಮಾಡಿ ಮಾರಿದವರನ್ನು ಸದಾ ಕಾಡಿದ ಕೊರತೆಯೂ ನೀರಿನದೇ.

ತೆಲೋಕ್ ಆಯೆರ್‌ನಲ್ಲಿ ಮೊದಲು ಕಡಲಿಗೆ ಚಾಚಿಕೊಂಡೇ ಒಂದು ಮಾರುಕಟ್ಟೆಯಿತ್ತು. ದೋಣಿಯಿಂದ ಇಳಿದ ಮೀನು ನೇರ ಕಟ್ಟೆಗೆ ಬರುತ್ತಿತ್ತು. 1838ರಲ್ಲಿ ವಾಸ್ತುಶಿಲ್ಪಿ ಜಾರ್ಜ್ ಕೋಲ್ಮನ್ ಅದಕ್ಕೆ ಎಂಟು ಮೂಲೆಯ ಕಟ್ಟಡ ಕಟ್ಟಿದ. ಕಡಲಿಗೆ ಮಣ್ಣು ತುಂಬಿ ನೆಲ ಬೆಳೆಸಿದಾಗ ಅದನ್ನು ಕೆಡವಿ, 1894ರಲ್ಲಿ ಎರಕದ ಕಬ್ಬಿಣದ ಕಂಬಗಳ ಮೇಲೆ ಅದೇ ಎಂಟು ಮೂಲೆಯ ಆಕಾರದಲ್ಲಿ ಮತ್ತೆ ಎಬ್ಬಿಸಿದರು. ಇಂದು ಅದು ಗಗನಚುಂಬಿ ಬ್ಯಾಂಕುಗಳ ನಡುವೆ ನಿಂತಿದೆ, ಅಲ್ಲಿಂದ ಕಡಲು ಕಾಣುವುದಿಲ್ಲ. ಜನ ಅದನ್ನು ಕರೆಯುವುದು ಲಾವ್ ಪಾ ಸಾಟ್, ಹಳೆ ಮಾರುಕಟ್ಟೆ ಎಂದು. ಮಲಯದ ‘ಪಸಾರ್’ ಹೊಕ್ಕಿಯೆನ್ ಚೀನೀಯರ ನಾಲಿಗೆಯಲ್ಲಿ ‘ಪಾ ಸಾಟ್’ ಆಯಿತು. ಆ ಪಸಾರ್‌ನ ಬೇರು ಪಾರ್ಸಿಯ ಬಾಜಾರ್. ಕನ್ನಡಿಗರು ಸಂತೆ-ಬಜಾರು ಎನ್ನುವಾಗಿನ ಬಜಾರೂ ಅದೇ ಬೇರಿನದು.

ಲಿಟ್ಲ್ ಇಂಡಿಯಾದ ತೆಕ್ಕಾ ಮಾರುಕಟ್ಟೆಗೂ ಇಂಥದೇ ಎರಡು ಹೆಸರು. ಹೊಕ್ಕಿಯೆನ್‌ನಲ್ಲಿ ತೆಕ್ಕಾ ಎಂದರೆ ಬಿದಿರುಮೆಳೆಯ ಬುಡ. ಮಲಯದವರು ಅದನ್ನು ಕಂದಾಂಗ್ ಕೆರ್ಬಾವ್ ಎಂದರು, ಎಮ್ಮೆದೊಡ್ಡಿ! ಸೆರಂಗೂನ್ ರಸ್ತೆಯ ಸುತ್ತ ದನ-ಎಮ್ಮೆಗಳ ವ್ಯಾಪಾರ ಜೋರಾಗಿದ್ದ ದಿನಗಳು ಆ ಹೆಸರಿನಲ್ಲಿ ಉಳಿದಿವೆ. ಇಲ್ಲಿ ಸಿಗುವ ‘ಪುಟು ಮಾಯಂ’ ನೋಡಿದ ಕನ್ನಡಿಗರಿಗೆ ಗುರುತು ಹೇಳಬೇಕಿಲ್ಲ. ಅದು ಒತ್ತುಶಾವಿಗೆ, ಮೇಲೆ ಕಾಯಿತುರಿ, ಕೆಂಪು ಸಕ್ಕರೆ.

ಈ ಕೇರಿಗಳ ಬೀದಿಗಳಲ್ಲಿ ತಿಂಡಿ ಮಾರುತ್ತಿದ್ದವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಾಗಿ ದೂರದಿಂದ ಬಂದವರು. ಬಂಡವಾಳವೆಂದರೆ ಒಂದು ಅಡ್ಡೆ, ಎರಡು ಬುಟ್ಟಿ. ಸಾತೆ ಮಾರುವವನ ಒಂದು ಬುಟ್ಟಿಯಲ್ಲಿ ಇದ್ದಿಲ ಒಲೆ, ಇನ್ನೊಂದರಲ್ಲಿ ಕಡ್ಡಿಗೆ ಚುಚ್ಚಿದ ಮಾಂಸ. ಗಿರಾಕಿಗಳು ಗಿಡ್ಡ ಮಣೆಗಳ ಮೇಲೆ ಸುತ್ತ ಕೂತು, ಎಲ್ಲರಿಗೂ ಸೇರಿ ಇಟ್ಟ ಒಂದೇ ಪಾತ್ರೆಯ ಕಡಲೆಕಾಯಿ ಗೊಜ್ಜಿಗೆ ಅದ್ದಿ ತಿನ್ನುವರು. ಎದ್ದಾಗ ಖಾಲಿ ಕಡ್ಡಿ ಎಣಿಸಿದರೆ ಲೆಕ್ಕ ಮುಗಿಯಿತು.

ನೂಡಲ್ಸ್ ಮಾರುವವನು ಕೂಗು ಹಾಕುತ್ತಿರಲಿಲ್ಲ. ಅವನ ಹುಡುಗ ಮುಂದೆ ಮುಂದೆ ಹೋಗಿ ಎರಡು ಬಿದಿರ ತುಂಡುಗಳನ್ನು ಟೊಕ್ ಟೊಕ್ ಎಂದು ಬಡಿಯುತ್ತಿದ್ದ. ಆ ಸದ್ದಿನಿಂದಲೇ ತಿಂಡಿಗೆ ‘ಟೊಕ್ ಟೊಕ್ ಮೀ’ ಎಂಬ ಹೆಸರು ಬಂತು. ಮಹಡಿ ಮನೆಯವರು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಕಾಸು ಇಳಿಸಿ, ಬಿಸಿ ಬಟ್ಟಲನ್ನು ಮೇಲಕ್ಕೆ ಸೇದಿಕೊಳ್ಳುತ್ತಿದ್ದರು.

ಆ ಬಟ್ಟಲು ತೊಳೆಯುವುದು ಹೇಗೆ? ಹತ್ತಿರ ನಲ್ಲಿಯಿಲ್ಲ. ಬೆಳಗ್ಗೆ ತುಂಬಿಟ್ಟ ಬಕೆಟ್ಟಿನಲ್ಲೇ ಒಂದರ ಹಿಂದೊಂದು ಎಂಜಲು ಬಟ್ಟಲು ಮುಳುಗಿ ಏಳುತ್ತಿತ್ತು. ಉಳಿದ ಗಂಜಿ, ಮೂಳೆ, ಎಣ್ಣೆ ಎಲ್ಲವೂ ಚರಂಡಿಗೆ, ಚರಂಡಿಯಿಂದ ನದಿಗೆ. ಕಾಲರಾ, ಟೈಫಾಯ್ಡ್ ಬಂದಾಗಲೆಲ್ಲ ಆಡಳಿತದ ಕಣ್ಣು ಬೀದಿ ವ್ಯಾಪಾರಿಗಳ ಮೇಲೆ ಬೀಳುತ್ತಿತ್ತು. ದಾಳಿ ನಡೆದಾಗ ಗಾಡಿ ಬಿಟ್ಟು ಓಡುತ್ತಿದ್ದರು, ಮಾರನೆಯ ದಿನ ಮತ್ತೆ ಬರುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೆಲಸವಿಲ್ಲದವರೆಲ್ಲ ಇದೇ ಕಸುಬಿಗೆ ಇಳಿದರು. 1950ರಲ್ಲಿ ವಸಾಹತು ಸರ್ಕಾರ ಇದಕ್ಕೆಂದೇ ಒಂದು ವಿಚಾರಣಾ ಆಯೋಗ ನೇಮಿಸಬೇಕಾಯಿತು.

ನಿಜವಾದ ತಿರುವು ಬಂದದ್ದು ಸ್ವಾತಂತ್ರ್ಯದ ನಂತರ. 1968-69ರಲ್ಲಿ ದ್ವೀಪದಾದ್ಯಂತ ಬೀದಿ ವ್ಯಾಪಾರಿಗಳ ಹೆಸರು ನೋಂದಾಯಿಸಿ ತಾತ್ಕಾಲಿಕ ಪರವಾನಗಿ ಕೊಟ್ಟರು. 1971ರಿಂದ ಅವರಿಗಾಗಿ ಹಾಕರ್ ಕೇಂದ್ರಗಳನ್ನು ಕಟ್ಟತೊಡಗಿದರು: ಮೇಲೊಂದು ಸೂರು, ಸಾಲು ಮಳಿಗೆ, ಎಳೆದುಕೊಟ್ಟ ನಲ್ಲಿ, ಮುಚ್ಚಿದ ಚರಂಡಿ, ನಡುವೆ ಎಲ್ಲರಿಗೂ ಸೇರಿದ ಮೇಜು. 1977ರಲ್ಲಿ ನದಿ ಶುದ್ಧಿಗೆ ಹತ್ತು ವರ್ಷದ ಗಡುವು ಬಿತ್ತು. ನದಿಪಾತ್ರಗಳಿಂದಲೇ ಸುಮಾರು 5,000 ಬೀದಿ ವ್ಯಾಪಾರಿಗಳು ಸೂರಿನಡಿಗೆ ಸರಿದರು. 1986ರ ಹೊತ್ತಿಗೆ ಸ್ಥಳಾಂತರ ಮುಗಿದಿತ್ತು.

ಬೀದಿಯವರನ್ನು ಎಬ್ಬಿಸಿದ ನಗರಗಳು ಬಹಳ. ಎಬ್ಬಿಸಿದವರಿಗೆ ಜಾಗ ಕೊಟ್ಟು, ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟು ಕೂರಿಸಿದ ನಗರಗಳು ಅಪರೂಪ. ಸಿಂಗಪುರದ ದೊಡ್ಡತನ ಇರುವುದು ಇಲ್ಲಿ. ಆದರೂ ಕಳೆದುಕೊಂಡದ್ದು ಸಣ್ಣದಲ್ಲ. ಬಿದಿರ ಸದ್ದು ನಿಂತಿತು, ಕಿಟಕಿಯಿಂದ ಬುಟ್ಟಿ ಇಳಿಯುವುದು ನಿಂತಿತು. ತಿಂಡಿ ಮನೆಬಾಗಿಲಿಗೆ ಬರುತ್ತಿದ್ದ ಕಾಲ ಹೋಗಿ, ಜನರೇ ತಿಂಡಿಯಿದ್ದಲ್ಲಿಗೆ ಹೋಗಬೇಕಾಯಿತು. ಎಸ್ಪ್ಲನೇಡ್ ಬಯಲಿನ ಸಾತೆ ಅಂಗಡಿಗಳ ಸಾಲು, ಹೆಸರಾಂತ ಸಾತೆ ಕ್ಲಬ್ ಕೂಡ 1995ರಲ್ಲಿ ಮುಚ್ಚಿತು.

ಚೈನಾಟೌನಿನ ಬೀದಿ ಅಂಗಡಿಗಳು 1983ರಲ್ಲಿ ಒಂದು ದೊಡ್ಡ ಸಂಕೀರ್ಣದೊಳಗೆ ಹೋದವು. 2016ರಲ್ಲಿ ಅದೇ ಕಟ್ಟಡದ ಒಂದು ಪುಟ್ಟ ಮಳಿಗೆಯ ಸೋಯಾ ಕೋಳಿ-ಅನ್ನಕ್ಕೆ ಮಿಷೆಲಿನ್ ತಾರೆ ಸಿಕ್ಕಿತು. ಒಂದು ತಟ್ಟೆಗೆ ಆಗ ಎರಡು ಡಾಲರ್ ಚಿಲ್ಲರೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು 110ಕ್ಕೂ ಹೆಚ್ಚು ಕೇಂದ್ರಗಳಿವೆ. ಒಲೆಯ ಮುಂದೆ ನಿಂತವರಲ್ಲಿ ಅರವತ್ತರ ಆಸುಪಾಸಿನವರೇ ಬಹಳ. ಹನ್ನೆರಡು ತಾಸು ನಿಲ್ಲುವ ಈ ಕೆಲಸಕ್ಕೆ ಅವರ ಮಕ್ಕಳು ಸುಲಭಕ್ಕೆ ಬರುತ್ತಿಲ್ಲ. ಈ ಪರಂಪರೆಗೆ ಇರುವ ನಿಜವಾದ ಆತಂಕ ಇದೇ.

ಸಂಜೆಯಾದರೆ ಲಾವ್ ಪಾ ಸಾಟ್ ಪಕ್ಕದ ಬೂನ್ ಟಾಟ್ ರಸ್ತೆಗೆ ವಾಹನ ಬಿಡುವುದಿಲ್ಲ. ಡಾಂಬರಿನ ಮೇಲೆ ಮೇಜು ಹಾಕುತ್ತಾರೆ, ಬೀಸಣಿಗೆ ಬೀಸಿದಂತೆ ಇದ್ದಿಲು ಕೆಂಪಾಗುತ್ತದೆ, ಸಾತೆಯ ಹೊಗೆ ಆಫೀಸು ಬಿಟ್ಟವರನ್ನು ಕರೆಯುತ್ತದೆ. ಇನ್ನು ಹಾಕರ್ ಕೇಂದ್ರಗಳಲ್ಲಿ 2021ರಿಂದ ಒಂದು ಹೊಸ ಕಟ್ಟುಪಾಡು: ಉಂಡವರೇ ತಮ್ಮ ತಟ್ಟೆಯನ್ನು ಒಯ್ದು ಇಡಬೇಕು, ಮೇಜಿನ ಮೇಲೆ ಬಿಟ್ಟು ಹೋದರೆ ದಂಡ ಬೀಳಬಹುದು. ತಟ್ಟೆ ಇಡುವ ಕಪಾಟುಗಳು ಎರಡು ಬಗೆ, ಒಂದು ಹಲಾಲ್ ಊಟದ್ದು, ಇನ್ನೊಂದು ಉಳಿದದ್ದು. ಒಂದೇ ಮೇಜಿನಲ್ಲಿ ಉಂಡ ಗೆಳೆಯರು ಎದ್ದು ಬೇರೆ ಬೇರೆ ಕಪಾಟಿಗೆ ತಟ್ಟೆ ಇಟ್ಟು, ಕಾಫಿ ಮಳಿಗೆಯ ಮುಂದೆ ಮತ್ತೆ ಕೂಡುತ್ತಾರೆ.